ಹ್ಯಾಲೋಜನ್ ಓವನ್‌ನಲ್ಲಿ ಬಿಸ್ಕತ್ತು ಮೇಲೆ ಕಪ್ಪು, ಕೆಳಗೆ ಹಸಿ: ಬೆಳಕಿನಲ್ಲಿ ಅಡುಗೆ ನಿಜಕ್ಕೂ ಬೇಯುತ್ತದೆಯೇ?

ತುಂಗಾತೀರ · ಶುಕ್ರವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಮನೆಗೆ ಹ್ಯಾಲೋಜನ್ ಓವನ್ ಬಂದಿದೆ. ದೊಡ್ಡ ಗಾಜಿನ ಬೋಗುಣಿ, ಅದರ ಮೇಲೆ ಭಾರವಾದ ಮುಚ್ಚಳ, ಮುಚ್ಚಳದೊಳಗೆ ಬಳೆಯಾಕಾರದ ದೀಪ, ಅದರ ಹಿಂದೆ ಒಂದು ಫ್ಯಾನ್. 12 ಲೀಟರ್, 1300 ವಾಟ್ ಎಂದು ಬರೆದಿದೆ.

ನಿನ್ನೆ ನಾನ್‌ಕಟಾಯಿ ಮಾಡಿದೆ. ಅರ್ಧ ಮೈದಾದ್ದು, ಅರ್ಧ ರಾಗಿ ಹಿಟ್ಟಿನದು. ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಪಾಲಿನದಕ್ಕೆ ರಾಗಿ ಹಾಕಿ, ಸಿಹಿಯನ್ನೂ ಕಡಿಮೆ ಮಾಡಿದ್ದೆ. ಎರಡನ್ನೂ ಒಂದೇ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ, ಎತ್ತರದ ಜಾಲರಿಯ ಮೇಲಿಟ್ಟು, 180 ಡಿಗ್ರಿಗೆ ತಿರುಗಿಸಿದೆ. ಒಂಬತ್ತೇ ನಿಮಿಷದಲ್ಲಿ ರಾಗಿಯವು ನೆತ್ತಿಯಲ್ಲಿ ಕಪ್ಪಾದವು. ಪಕ್ಕದಲ್ಲೇ ಇದ್ದ ಮೈದಾದವು ಆಗಿನ್ನೂ ತಿಳಿಬಣ್ಣದಲ್ಲಿದ್ದವು. ತೆಗೆದು ತಿರುವಿ ನೋಡಿದರೆ ಎರಡರ ತಳವೂ ಹಸಿ.

ನನ್ನ ಪ್ರಶ್ನೆಗಳು ಇಷ್ಟು. ಇದರಲ್ಲಿ ಬೇಯಿಸುವುದು ದೀಪದ ಬೆಳಕೋ, ಫ್ಯಾನ್ ಬೀಸುವ ಬಿಸಿ ಗಾಳಿಯೋ? ಒಂದೇ ತಟ್ಟೆಯಲ್ಲಿದ್ದರೂ ರಾಗಿ ಯಾಕೆ ಮೊದಲು ಸುಟ್ಟಿತು? ದೀಪ ಆಗಾಗ ಆರಿ ಮತ್ತೆ ಹೊತ್ತುತ್ತದೆ, ಅದು ಕೆಟ್ಟಿದೆಯೇ? ಅತ್ತೆಯವರಂತೂ ಆ ಕೆಂಪು ಬೆಳಕನ್ನು ಕಂಡು, "ಇದರಲ್ಲಿ ಮಾಡಿದ್ದನ್ನು ಮಕ್ಕಳಿಗೆ ಕೊಡಬೇಡ" ಎನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಹುಬ್ಬಳ್ಳಿ ಅಕ್ಕ · 8:52

ದೀಪ ಆರಿ ಹೊತ್ತುವುದು ಕೆಟ್ಟಿದ್ದಕ್ಕಲ್ಲ ತಂಗಿ. ನೀನು ಇಟ್ಟ ಬಿಸಿ ಮುಟ್ಟಿದಾಗ ತಾನೇ ಆರುತ್ತದೆ, ಇಳಿದಾಗ ಹೊತ್ತುತ್ತದೆ. ಇಸ್ತ್ರಿ ಪೆಟ್ಟಿಗೆಯ ದೀಪದ ಹಾಗೆಯೇ.

ಒಂದೇ ಮಾತು · 8:55

ಮಾರಿಬಿಡಿ, ಏರ್ ಫ್ರೈಯರ್ ತೆಗೆದುಕೊಳ್ಳಿ.

ಭೌತಶಾಸ್ತ್ರದ ಮೇಷ್ಟ್ರು · 9:20

ಮಾರುವ ಮಾತು ಆಮೇಲೆ. ಪ್ರಶ್ನೆ ಚೆನ್ನಾಗಿದೆ, ಉತ್ತರ ಕೊಡೋಣ.

ಬೆಳಕೂ ಹೌದು, ಗಾಳಿಯೂ ಹೌದು. ಆದರೆ ನಿಮ್ಮ ಬಿಸ್ಕತ್ತಿನ ನೆತ್ತಿ ಸುಟ್ಟದ್ದು ಬೆಳಕಿನಿಂದ. ಬಿಸಿಯಾದ ಯಾವ ವಸ್ತುವಾದರೂ ಕಿರಣಗಳನ್ನು ಸೂಸುತ್ತದೆ. ಬಿಸಿ ಹೆಚ್ಚಿದಷ್ಟೂ ಆ ಕಿರಣಗಳ ತರಂಗ ಗಿಡ್ಡವಾಗುತ್ತದೆ. 2898ನ್ನು ಕೆಲ್ವಿನ್ ಲೆಕ್ಕದ ತಾಪದಿಂದ (ಸೆಲ್ಸಿಯಸ್‌ಗೆ 273 ಕೂಡಿಸಿದರೆ ಕೆಲ್ವಿನ್) ಭಾಗಿಸಿದರೆ ಕಿರಣ ಅತಿ ತೀವ್ರವಾಗಿರುವ ತರಂಗಾಂತರ ಮೈಕ್ರಾನ್‌ಗಳಲ್ಲಿ ಸಿಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಿಗಿನಿಗಿ ಕೆಂಡ ಸುಮಾರು 1000 ಕೆಲ್ವಿನ್ ಎಂದು ಹಿಡಿಯಿರಿ: 2.9 ಮೈಕ್ರಾನ್. ಹ್ಯಾಲೋಜನ್ ದೀಪದ ಟಂಗ್‌ಸ್ಟನ್ ತಂತಿ ಸುಮಾರು 2500 ಕೆಲ್ವಿನ್ ಎನ್ನಿ: ಹತ್ತಿರ ಹತ್ತಿರ 1.2 ಮೈಕ್ರಾನ್. ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್: ಅರ್ಧ ಮೈಕ್ರಾನ್. ನಮ್ಮ ಕಣ್ಣಿಗೆ ಕಾಣುವುದು 0.4ರಿಂದ 0.7ರವರೆಗೆ ಮಾತ್ರ. ಅಂದರೆ ನಿಮ್ಮ ಓವನ್ ಝಗಝಗಿಸಿದರೂ ಅದರ ಶಕ್ತಿಯಲ್ಲಿ ಕಾಣುವ ಬೆಳಕು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಅವಕೆಂಪು ಕಿರಣ. ಅದು ಕಣ್ಣಿಗೆ ಕಾಣದಿದ್ದರೂ ಬೆಳಕಿನದೇ ಜಾತಿ.

ಈ ಅವಕೆಂಪನ್ನು ಕಂಡುಹಿಡಿದವರು ವಿಲಿಯಂ ಹರ್ಷೆಲ್, 1800ರಲ್ಲಿ. ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು, ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಅಲ್ಲಿಯೇ ಬಿಸಿ ಹೆಚ್ಚಿತ್ತು. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ವರ್ಷವೂ ಮೈ ಜುಮ್ಮೆನ್ನುತ್ತಿತ್ತು.

ತುಂಗಾತೀರ · 9:31

ಸರ್, ತುಂಬಾ ಧನ್ಯವಾದ. ಆದರೆ ರಾಗಿಯ ವಿಷಯ?

ಭೌತಶಾಸ್ತ್ರದ ಮೇಷ್ಟ್ರು · 9:44

ಬಿಳಿ ಅಂಗಿ, ಕಪ್ಪು ಅಂಗಿಯ ಕಥೆಯೇ. ಮೈದಾ ಬೆಳಕನ್ನು ಬಹಳಷ್ಟು ಹಿಂದಕ್ಕೆ ಎಸೆಯುತ್ತದೆ, ರಾಗಿ ಕುಡಿಯುತ್ತದೆ. ಇನ್ನೂ ಒಂದಿದೆ. ಒಮ್ಮೆ ಕಂದು ಬಣ್ಣ ಹತ್ತಿದ ಮೇಲೆ ಮೇಲ್ಮೈ ಇನ್ನಷ್ಟು ಕುಡಿಯುತ್ತದೆ, ಅದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಕಂದು. ಹೊಂಬಣ್ಣದಿಂದ ಕಪ್ಪಿಗೆ ಹೋಗಲು ಒಂದೇ ನಿಮಿಷ ಸಾಕು. ಬೆಳಕಿನ ಒಲೆಯ ಮುಂದಿನಿಂದ ಕದಲಬಾರದು ಎನ್ನುವುದು ಇದಕ್ಕೇ.

ಕ್ವಾರ್ಟ್ಜ್ · 10:05

ಮೇಷ್ಟ್ರೇ, ಒಂದು ತಕರಾರು. ಅವಕೆಂಪಿಗೆ ಕಣ್ಣಿನ ಬಣ್ಣದ ಹಂಗಿಲ್ಲ. ನೀರಿರುವ ಪದಾರ್ಥವೆಲ್ಲ ಅವಕೆಂಪಿಗೆ ಕಪ್ಪೇ. ಮೈದಾ ಆಗಲಿ ರಾಗಿ ಆಗಲಿ ಹಸಿ ಹಿಟ್ಟು ಒಂದೇ ಸಮ ಹೀರಬೇಕಲ್ಲವೇ?

ಭೌತಶಾಸ್ತ್ರದ ಮೇಷ್ಟ್ರು · 10:22

ಕೆಂಡಕ್ಕೆ ನಿಮ್ಮ ಮಾತು ಸರಿ, ಹ್ಯಾಲೋಜನ್‌ಗೆ ಅಲ್ಲ. 3 ಮೈಕ್ರಾನ್ ಸುತ್ತಮುತ್ತ ನೀರು ಬಲವಾಗಿ ಹೀರುತ್ತದೆ, ಅಲ್ಲಿ ಬಿಳಿ ಹಿಟ್ಟೂ ಕಪ್ಪೇ. 1 ಮೈಕ್ರಾನ್ ಹತ್ತಿರ ನೀರು ಹೆಚ್ಚು ಪಾರದರ್ಶಕ. ಅಲ್ಲಿ ಬಿಳಿ ಪುಡಿ ಬೆಳಕನ್ನು ಚದುರಿಸಿ ವಾಪಸು ಕಳಿಸುತ್ತದೆ. ಅದೇ ಕಾರಣಕ್ಕೆ ಹ್ಯಾಲೋಜನ್ ಕಿರಣ ಕೆಂಡದ ಕಿರಣಕ್ಕಿಂತ ತುಸು ಆಳಕ್ಕೆ ಇಳಿಯುತ್ತದೆ. ತುಸು ಅಂದರೆ ಮಿಲಿಮೀಟರ್‌ಗಳ ಲೆಕ್ಕ, ಅಂಗುಲಗಳದ್ದಲ್ಲ. ಒಳಗಿನ ತಿರುಳು ಬೇಯುವುದು ಮೇಲಿನ ಬಿಸಿ ನಿಧಾನವಾಗಿ ಒಳಗೆ ಸಾಗಿದ ಮೇಲೆಯೇ. ಅದಕ್ಕೆ ಸಮಯ ಬೇಕು, ದೀಪ ಎಷ್ಟು ಜೋರಾಗಿದ್ದರೂ ಬೇಕು.

ಕ್ವಾರ್ಟ್ಜ್ · 10:30

ಒಪ್ಪಿದೆ. 1 ಮೈಕ್ರಾನ್‌ಗೂ 3 ಮೈಕ್ರಾನ್‌ಗೂ ಇಷ್ಟು ಅಂತರವಿರುವುದನ್ನು ನಾನು ಗಮನಿಸಿರಲಿಲ್ಲ.

ಭಟ್ಟಿಮನೆ · ಶನಿವಾರ ಬೆಳಿಗ್ಗೆ 5:50

ನಾನು ಹಾಸನದ ಕಡೆಯವನು. ಬೇಕರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸೌದೆ ಭಟ್ಟಿಯ ಮುಂದೆ ನಿಂತವನು. ಮೇಲಿನ ಲೆಕ್ಕಗಳು ನನಗೆ ಪೂರ್ತಿ ತಿಳಿಯಲಿಲ್ಲ, ಆದರೆ ತಾಯಿ, ನಿಮ್ಮ ಬಿಸ್ಕತ್ತಿನ ತಳ ಹಸಿಯಾಗಿದ್ದೇಕೆ ಎನ್ನುವುದು ತಿಳಿಯಿತು.

ನಮ್ಮ ಭಟ್ಟಿಯಲ್ಲಿ ಇಟ್ಟಿಗೆಯ ನೆಲ ಕಾದಿರುತ್ತದೆ, ಮೇಲಿನ ಕಮಾನೂ ಕಾದಿರುತ್ತದೆ. ತಟ್ಟೆ ಇಟ್ಟ ಕೂಡಲೇ ತಳಕ್ಕೆ ನೆಲದ ಬಿಸಿ, ನೆತ್ತಿಗೆ ಕಮಾನಿನ ಕಾವು. ಬೆಂಕಿಯನ್ನು ಹೊರಗೆಳೆದ ಮೇಲೂ ಕಮಾನು ಗಂಟೆಗಟ್ಟಲೆ ಕಾವು ಕೊಡುತ್ತದೆ. ಮೊದಲ ಜೋರು ಕಾವಿಗೆ ಬ್ರೆಡ್ಡು ಬನ್ನು, ಇಳಿಗಾವಿಗೆ ಬೆಣ್ಣೆ ಬಿಸ್ಕತ್ತು, ಕೊನೆಗೆ ರಸ್ಕು. ನಿಮ್ಮ ಯಂತ್ರದಲ್ಲಿ ಕಮಾನು ಮಾತ್ರ ಇದೆ, ನೆಲ ಇಲ್ಲ. ತಳಕ್ಕೆ ಸಿಗುವುದು ಫ್ಯಾನ್ ಗಾಳಿ ಮಾತ್ರ. ಅದನ್ನೂ ದೊಡ್ಡ ತಟ್ಟೆ ಇಟ್ಟು ತಡೆದಿದ್ದೀರಿ. ಬೋಗುಣಿಯ ಅಂಚಿಗೂ ತಟ್ಟೆಗೂ ನಡುವೆ ಎರಡು ಬೆರಳು ಜಾಗ ಬಿಡಿ. ಹೊಳೆಯುವ ಸ್ಟೀಲ್ ಬೇಡ. ಕಪ್ಪು ಬಳಿದ ತೆಳು ತಗಡಿನ ತಟ್ಟೆ ತನ್ನಿ, ಬಿಸ್ಕತ್ತು ಇಡುವ ಮೊದಲು ಖಾಲಿ ತಟ್ಟೆಯನ್ನು ಐದು ನಿಮಿಷ ಕಾಯಿಸಿ. ಅದೇ ನಿಮ್ಮ ನೆಲವಾಗುತ್ತದೆ.

ಮೈದಾ, ರಾಗಿ ಒಂದೇ ತಟ್ಟೆಗೆ ಯಾವತ್ತೂ ಬೇಡ. ಭಟ್ಟಿಯಲ್ಲೂ ನಾವು ಹಾಗೆ ಮಾಡುವುದಿಲ್ಲ.

ಹುಬ್ಬಳ್ಳಿ ಅಕ್ಕ · 7:15

ಅಣ್ಣಾ, ಇಳಿಗಾವು ಎಂಬ ಮಾತು ಕೇಳಿ ಎಷ್ಟು ದಿನವಾಗಿತ್ತು!

ನಮ್ಮ ಅವ್ವ ಜೋಳದ ರೊಟ್ಟಿಯನ್ನು ಹೆಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸಿ, ಆಮೇಲೆ ಒಲೆಯ ಬಾಯಿಗೆ ಎಳೆದ ಕೆಂಡದ ಎದುರು ನಿಲ್ಲಿಸುತ್ತಿದ್ದಳು. ರೊಟ್ಟಿಗೆ ಕೆಂಡ ತಾಕುತ್ತಿರಲಿಲ್ಲ, ಉರಿಯೂ ತಾಕುತ್ತಿರಲಿಲ್ಲ. ಒಂದು ಗೇಣು ದೂರದಲ್ಲೇ ಉಬ್ಬುತ್ತಿತ್ತು. ಅದೂ ಈ ಕಿರಣದ್ದೇ ಕೆಲಸವಲ್ಲವೇ ಮೇಷ್ಟ್ರೇ?

ಭೌತಶಾಸ್ತ್ರದ ಮೇಷ್ಟ್ರು · 7:40

ನೂರಕ್ಕೆ ನೂರು ಅದೇ. ಒಲೆಯ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಪಕ್ಕಕ್ಕೆ ಬರುವುದಿಲ್ಲ. ಎದುರು ನಿಂತ ರೊಟ್ಟಿಗೆ ತಲುಪುವುದು ಕಿರಣ. ನಿಮ್ಮ ಅವ್ವನದು ಅವಕೆಂಪು ಓವನ್.

ದೂರದೃಷ್ಟಿ · 8:05

ಎಲ್ಲರೂ ಹೊಗಳುತ್ತಿದ್ದೀರಿ, ಆದರೆ ವಿಕಿರಣ ವಿಕಿರಣವೇ. ಆಹಾರದ ಮೇಲೆ ಕಿರಣ ಬಿಟ್ಟರೆ ಕ್ಯಾನ್ಸರ್ ಬರುತ್ತದೆ ಎಂದು ಓದಿದ್ದೇನೆ. ಆ ಅತ್ತೆಯವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕ್ವಾರ್ಟ್ಜ್ · 8:18

ಒಂದೇ ಪದ ಎರಡು ಕಡೆ ಬಳಕೆಯಾಗುವುದರಿಂದ ಈ ಭಯ ಹುಟ್ಟುತ್ತದೆ. ಎಕ್ಸ್ ಕಿರಣ, ಗಾಮಾ ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವ ಬಲವಿದೆ, ಅದರಿಂದ ಜೀವಕೋಶಕ್ಕೆ ಹಾನಿ. ಅವಕೆಂಪು ಕಿರಣಕ್ಕೆ ಆ ಬಲವಿಲ್ಲ. ಅದು ಅಣುಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತದೆ, ಅಷ್ಟೇ. ದೀಪ ಆರಿದ ಮೇಲೆ ಆಹಾರದಲ್ಲಿ ಉಳಿಯುವುದು ಬಿಸಿ ಮಾತ್ರ. ಈಗ ನಿಮ್ಮ ಮೈಯಿಂದಲೂ ಅವಕೆಂಪು ಕಿರಣ ಹೊರಡುತ್ತಿದೆ.

ದೂರದೃಷ್ಟಿ · 8:26

ಹಾಗಾದರೆ ಪೂರ್ತಿ ಸುರಕ್ಷಿತವೇ?

ಡಬ್ಬಿ ಊಟ · 8:41

ಕಿರಣಕ್ಕೆ ಹೆದರಬೇಕಿಲ್ಲ, ಕರಕಲಿಗೆ ಹೆದರಬೇಕು. ಹಿಟ್ಟು, ಆಲೂಗಡ್ಡೆಯಂತಹ ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗೂ ಮೇಲೆ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ. ಇದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಗ್ಯಾಸ್ ಒಲೆ, ಸೌದೆ, ಹ್ಯಾಲೋಜನ್, ಯಾವುದರಲ್ಲಿ ಮಾಡಿದರೂ ಇದು ಇದ್ದದ್ದೇ. ಹೊಂಬಣ್ಣಕ್ಕೆ ನಿಲ್ಲಿಸಿ, ಕಪ್ಪಾದದ್ದನ್ನು ಎಸೆಯಿರಿ. ಅತ್ತೆಯವರಿಗೆ ಇದನ್ನೇ ಹೇಳಿ: ಅವರ ಎಚ್ಚರಿಕೆ ಸರಿ, ಕಾರಣ ಮಾತ್ರ ಬೇರೆ.

ತಂತಿಪೇಟೆ · 9:02

ವೈರಿಂಗ್ ಕೆಲಸ ಮಾಡುವವನು ನಾನು. ಮೂರು ಮಾತು ಹೇಳಲೇಬೇಕು.

1300 ವಾಟ್ ಅಂದರೆ 230 ವೋಲ್ಟ್‌ನಲ್ಲಿ ಐದೂಮುಕ್ಕಾಲು ಆಂಪಿಯರ್‌ಗೆ ಹತ್ತಿರ. 6 ಆಂಪಿಯರ್ ಪ್ಲಗ್ಗಿಗೆ, ಅದರಲ್ಲೂ ಮೊಬೈಲ್ ಚಾರ್ಜರ್ ಸಿಕ್ಕಿಸುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. 16 ಆಂಪಿಯರ್ ಪ್ಲಗ್ಗಿಗೇ ಹಾಕಿ. ಕರಗಿದ ಸಾಕೆಟ್‌ಗಳನ್ನು ನಾನು ಎಷ್ಟೋ ಮನೆಗಳಲ್ಲಿ ಬದಲಿಸಿದ್ದೇನೆ.

ದೀಪದ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದು ಕ್ವಾರ್ಟ್ಜ್. ಬೆರಳಿನ ಎಣ್ಣೆ, ಬೆವರಿನ ಉಪ್ಪು ಅಂಟಿದ ಜಾಗ ಕಾದಾಗ ಗಾಜು ಮಬ್ಬಾಗಿ, ದುರ್ಬಲವಾಗಿ, ಒಂದು ದಿನ ಬಿರಿಯುತ್ತದೆ. ತಿಳಿಯದೆ ಮುಟ್ಟಿದ್ದರೆ ಪೂರ್ತಿ ಆರಿದ ಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಮೂರನೆಯದು, ಮುಚ್ಚಳ. ತೆಗೆದ ಕೂಡಲೇ ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಇಡಬೇಡಿ, ಸ್ಟ್ಯಾಂಡಿನ ಮೇಲಿಡಿ. ಕಾದ ಗಾಜಿನ ಬೋಗುಣಿಯನ್ನು ಒದ್ದೆ ಜಾಗದಲ್ಲಿ ಇಡಬೇಡಿ.

ತುಂಗಾತೀರ · 9:20

ಅಯ್ಯೋ, ಮೊನ್ನೆ ದೀಪವನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಬೆರಳು ತಾಗಿತ್ತು. ಇವತ್ತೇ ಸ್ಪಿರಿಟ್ ತರಿಸುತ್ತೇನೆ.

ಲೀಡ್ಸ್ ಕನ್ನಡಿಗ · 1:10

ಇಂಗ್ಲೆಂಡಿನಿಂದ. ನಾನು ಆರು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ. ಒಬ್ಬನಿಗಾಗಿ ದೊಡ್ಡ ಓವನ್ ಹೊತ್ತಿಸುವುದು ದುಂದುವೆಚ್ಚ. ಇಲ್ಲಿ ಇದರಲ್ಲಿ ಹೆಚ್ಚಾಗಿ ಕೋಳಿ, ಆಲೂಗಡ್ಡೆ ಹುರಿಯುತ್ತಾರೆ. ನಾನು ಬದನೆಕಾಯಿ ಸುಡುತ್ತೇನೆ. ಎಣ್ಣೆ ಸವರಿ, ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ, ಎತ್ತರದ ಜಾಲರಿಯಲ್ಲಿಟ್ಟು, ಆಗಾಗ ಹೊರಳಿಸಿದರೆ ಅರ್ಧ ಗಂಟೆಗೆ ಒಳಗೆ ಬೆಣ್ಣೆಯಂತಾಗುತ್ತದೆ. ಕಪ್ಪು ಸಿಪ್ಪೆ ಬೆಳಕನ್ನು ಚೆನ್ನಾಗಿ ಕುಡಿಯುತ್ತದೆ ಎನ್ನುವುದು ಇಲ್ಲಿ ಓದಿದ ಮೇಲೆ ಅರ್ಥವಾಯಿತು. ಇದನ್ನು ಊರಲ್ಲಿ ಕೆಂಡದಲ್ಲಿ ಹೂತು ಸುಟ್ಟ ಬದನೆಕಾಯಿಗೆ ಸಮ ಎನ್ನಲಾರೆ, ಹೊಗೆಯ ವಾಸನೆ ಬರುವುದಿಲ್ಲ. ಆದರೆ ಚಳಿಗಾಲದಲ್ಲಿ ರೊಟ್ಟಿಯ ಜೊತೆಗೆ ಅದೇ ನನಗೆ ಊರು.

ಫ್ಯಾನ್ ಬಗ್ಗೆ ಎಚ್ಚರ. ಹಗುರವಾದ ವಸ್ತುವನ್ನು ಅದು ಎತ್ತಿ ದೀಪಕ್ಕೆ ಬಡಿಯುತ್ತದೆ. ಒಮ್ಮೆ ಬ್ರೆಡ್ ತುಂಡು ದೀಪದ ತಂತಿಬಲೆಗೆ ಅಂಟಿ ಹೊಗೆ ಬಂತು. ಅಂತಹವುಗಳ ಮೇಲೆ ಇನ್ನೊಂದು ಜಾಲರಿಯನ್ನು ಬೋರಲು ಹಾಕಿ.

ಒಂದೇ ಮಾತು · 1:25

ಏರ್ ಫ್ರೈಯರ್‌ನಲ್ಲಿ ಇಷ್ಟೆಲ್ಲ ರಗಳೆ ಇಲ್ಲ.

ಲೀಡ್ಸ್ ಕನ್ನಡಿಗ · 1:38

ಅದರಲ್ಲಿ ಒಳಗೆ ಏನಾಗುತ್ತಿದೆ ಎಂದು ಕಾಣುವುದು ಕಷ್ಟ. ಇದರಲ್ಲಿ ನಾಲ್ಕೂ ಕಡೆ ಗಾಜು, ಒಳಗೇ ದೀಪ. ಬಣ್ಣ ನೋಡಿ ನಿಲ್ಲಿಸಬಹುದು. ಬಿಸ್ಕತ್ತು ಮಾಡುವವರಿಗೆ ಅದು ಸಣ್ಣ ವಿಷಯವಲ್ಲ.

ಬಿಸಿಲನಾಡು · 3:30

ನಾನು ರಾಯಚೂರಿನವನು. ಬೆಳಕಿನ ಅಡುಗೆಯ ಮಾತಿನಲ್ಲಿ ಸೂರ್ಯನನ್ನೇ ಬಿಟ್ಟಿರಲ್ಲ? ನಮ್ಮ ಮನೆಯ ಮಾಳಿಗೆ ಮೇಲೆ ಸೋಲಾರ್ ಕುಕ್ಕರ್ ಪೆಟ್ಟಿಗೆ ಈಗಲೂ ಇದೆ, ತಂದೆಯ ಕಾಲದ್ದು. ಒಳಗೆ ಕಪ್ಪು ತಗಡು, ಮೇಲೆ ಎರಡು ಪದರ ಗಾಜು, ಮುಚ್ಚಳದಲ್ಲಿ ಕನ್ನಡಿ, ಕಪ್ಪು ಬಳಿದ ನಾಲ್ಕು ಡಬ್ಬಿ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಹತ್ತಕ್ಕೆ ಅಕ್ಕಿ, ತೊಗರಿಬೇಳೆ ಇಟ್ಟರೆ ಮಧ್ಯಾಹ್ನ ಒಂದಕ್ಕೆ ಊಟ. ಬೇಳೆ ಹಿಟ್ಟಿನಂತೆ ಬೆಂದಿರುತ್ತದೆ, ತಳ ಹಿಡಿಯುವ ಮಾತೇ ಇಲ್ಲ. ಶೇಂಗಾ ಹುರಿಯಬಹುದು. ರೊಟ್ಟಿ ಆಗುವುದಿಲ್ಲ, ಒಗ್ಗರಣೆ ಆಗುವುದಿಲ್ಲ.

ಶಿರಡಿಯಲ್ಲಿ 2009ರಿಂದ 73 ದೊಡ್ಡ ಕನ್ನಡಿ ತಟ್ಟೆಗಳಿಂದ ಬಿಸಿಲನ್ನೇ ಅನ್ನದ ಮೇಲೆ ಬಿಟ್ಟು ಸಾವಿರಾರು ಭಕ್ತರಿಗೆ ಅಡುಗೆ ಮಾಡುತ್ತಾರೆ. ಒಂದು ಓವನ್‌ಗೆ ಇಷ್ಟು ಚರ್ಚೆ ಏಕೆ?

ಭೌತಶಾಸ್ತ್ರದ ಮೇಷ್ಟ್ರು · 4:02

ಒಂದು ತಿದ್ದುಪಡಿ. ಶಿರಡಿಯಲ್ಲಿ ಬಿಸಿಲು ಅನ್ನದ ಮೇಲೆ ಬೀಳುವುದಿಲ್ಲ. ಕನ್ನಡಿಗಳು ಬಿಸಿಲನ್ನು ಒಂದೆಡೆ ಕೂಡಿಸಿ ನೀರನ್ನು ಹಬೆ ಮಾಡುತ್ತವೆ, ಆ ಹಬೆ ಕೊಳವೆಯಲ್ಲಿ ಅಡುಗೆಮನೆಗೆ ಹೋಗಿ ಬೇಯಿಸುತ್ತದೆ. ನಿಮ್ಮ ಮಾಳಿಗೆಯ ಪೆಟ್ಟಿಗೆಯೇ ಈ ಚರ್ಚೆಗೆ ಹೆಚ್ಚು ಹತ್ತಿರ. ಅಲ್ಲಿ ಬೆಳಕು ಗಾಜು ದಾಟಿ ಒಳಗೆ ಬಂದು ಕಪ್ಪು ತಗಡಿನಲ್ಲಿ ಬಿಸಿಯಾಗುತ್ತದೆ. ಆ ತಗಡು ವಾಪಸು ಸೂಸುವ ಉದ್ದ ತರಂಗ ಗಾಜನ್ನು ದಾಟಲಾರದು. ಹಾಗಾಗಿ ಬಿಸಿ ಒಳಗೇ ಉಳಿಯುತ್ತದೆ.

ಲೆಕ್ಕ ನೋಡಿ. ಒಳ್ಳೆಯ ಮಧ್ಯಾಹ್ನ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1000 ವಾಟ್ ಬಿಸಿಲು ಬೀಳುತ್ತದೆ. ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಉದ್ದದ ಪೆಟ್ಟಿಗೆಗೆ ಸಿಗುವುದು 250 ವಾಟ್, ಜೊತೆಗೆ ಕನ್ನಡಿ ಎಸೆದಷ್ಟು. ನಮ್ಮ ತಂಗಿಯ ದೀಪ 1300 ವಾಟ್. ಅದಕ್ಕೇ ಅಲ್ಲಿ ಮೂರು ಗಂಟೆ, ಇಲ್ಲಿ ಒಂಬತ್ತು ನಿಮಿಷಕ್ಕೆ ಕರಕಲು.

ಇಂತಹ ಗಾಜಿನ ಪೆಟ್ಟಿಗೆಯನ್ನು 1767ರಲ್ಲೇ ಸ್ವಿಟ್ಜರ್‌ಲೆಂಡಿನ ಸೊಸ್ಯೂರ್ ಮಾಡಿ ನೋಡಿದ್ದರು. ಅವಕೆಂಪು ಕಂಡುಹಿಡಿದ ಹರ್ಷೆಲ್ ಎಂದೆನಲ್ಲ, ಅವರ ಮಗ ಜಾನ್ ಹರ್ಷೆಲ್ 1830ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ನಕ್ಷತ್ರ ನೋಡಲು ಹೋದಾಗ ಇಂತಹ ಪೆಟ್ಟಿಗೆಯಲ್ಲಿ ಮೊಟ್ಟೆ, ಮಾಂಸ ಬೇಯಿಸಿದರು. ಅಪ್ಪ ಕಂಡ ಕಿರಣದಲ್ಲಿ ಮಗ ಅಡುಗೆ ಮಾಡಿದ!

ಬಿಸಿಲನಾಡು · 4:10

ಶಿರಡಿಯದು ನನ್ನ ತಪ್ಪು ತಿಳಿವಳಿಕೆ. ತಿದ್ದಿದ್ದಕ್ಕೆ ಧನ್ಯವಾದ ಸರ್.

ಕ್ವಾರ್ಟ್ಜ್ · 4:45

ದೀಪದಿಂದ ಬೇಯಿಸುವುದೂ ಹೊಸದಲ್ಲ. ಅಮೆರಿಕದಲ್ಲಿ 1963ರಲ್ಲಿ ಈಸಿ ಬೇಕ್ ಎಂಬ ಮಕ್ಕಳ ಆಟಿಕೆ ಓವನ್ ಬಂತು. ಒಳಗೆ 100 ವಾಟ್‌ನ ಎರಡು ಮಾಮೂಲಿ ಬಲ್ಬ್, ಅಷ್ಟರಲ್ಲೇ ಪುಟ್ಟ ಕೇಕ್ ಬೇಯುತ್ತಿತ್ತು. ಅಂತಹ ಬಲ್ಬ್‌ಗಳೇ ಮಾರುಕಟ್ಟೆಯಿಂದ ಮರೆಯಾಗತೊಡಗಿದ ಮೇಲೆ 2011ರಲ್ಲಿ ಅದಕ್ಕೂ ಬಲ್ಬ್ ಬದಲು ಬಿಸಿಯಾಗುವ ಕಾಯಿಲ್ ಹಾಕಿದರು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ವಾಡ್‌ಲಕ್ಸ್ ಸಂಸ್ಥೆ ಹೋಟೆಲುಗಳಿಗೆಂದು ಕ್ವಾರ್ಟ್ಜ್ ಹ್ಯಾಲೋಜನ್ ದೀಪಗಳ ಫ್ಲ್ಯಾಶ್‌ಬೇಕ್ ಓವನ್ ಮಾಡಿತು. 1999ರಲ್ಲಿ ಅಮೆರಿಕದ ಜಿಇ ಕಂಪನಿಯ ಅಡ್ವಾಂಟಿಯಂ ಓವನ್ ಬಂತು, ಅದರಲ್ಲಿ ಹ್ಯಾಲೋಜನ್ ಜೊತೆಗೆ ಮೈಕ್ರೋವೇವ್. ಮೇಲ್ಮೈಯನ್ನು ದೀಪ ಕೆಂಪಗೆ ಮಾಡುತ್ತದೆ, ಒಳಗನ್ನು ಮೈಕ್ರೋವೇವ್ ಬೇಯಿಸುತ್ತದೆ. ತುಂಗಾತೀರ ಅವರ ತೊಂದರೆಗೆ ಎಂಜಿನಿಯರುಗಳು ಕಂಡುಕೊಂಡ ದಾರಿ ಅದು.

ಡಬ್ಬಿ ಊಟ · 5:05

ಅದರ ಬೆಲೆಯಲ್ಲಿ ನಮ್ಮ ಕಡೆ ಮದುವೆಯ ಅಡುಗೆ ಮುಗಿಯುತ್ತದೆ. ಕೈಲಿರುವುದನ್ನು ಸರಿಯಾಗಿ ಬಳಸುವ ಮಾತಾಡೋಣ. ನನ್ನ ಸಲಹೆ: ಗಿಡ್ಡ ಜಾಲರಿ, 150 ಡಿಗ್ರಿ, ಬಣ್ಣ ಬಂದ ಕೂಡಲೇ ಮೇಲೆ ಅಲ್ಯೂಮಿನಿಯಂ ಹಾಳೆ. ಹಾಳೆ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಆಮೇಲೆ ಬರೀ ಬಿಸಿ ಗಾಳಿಯಲ್ಲಿ ಒಳಗೆ ಬೇಯುತ್ತದೆ. ಹಾಳೆಯ ಅಂಚನ್ನು ತಟ್ಟೆಯ ಕೆಳಗೆ ಮಡಚಿ, ಇಲ್ಲದಿದ್ದರೆ ಫ್ಯಾನ್ ಅದನ್ನೂ ಎತ್ತುತ್ತದೆ.

ಭಟ್ಟಿಮನೆ · 5:40

ಇದು ಸರಿಯಾದ ಮಾತು. ಇನ್ನೊಂದು: ನಾನ್‌ಕಟಾಯಿಯನ್ನು ಸ್ವಲ್ಪ ತೆಳ್ಳಗೆ ತಟ್ಟಿ. ನಿಂಬೆಹಣ್ಣಿನ ಗಾತ್ರದ ಉಂಡೆ ಭಟ್ಟಿಗೆ ಸರಿ, ನಿಮ್ಮ ದೀಪಕ್ಕೆ ಅಲ್ಲ.

ತುಂಗಾತೀರ · ಭಾನುವಾರ ಸಂಜೆ 6:15

ಮಾಡಿ ನೋಡಿದೆ, ವಿವರವಾಗಿ ಹೇಳುತ್ತೇನೆ.

ಗಾಂಧಿ ಬಜಾರಿನಲ್ಲಿ ಹುಡುಕಿ ಕಪ್ಪು ತಗಡಿನ ಸಣ್ಣ ತಟ್ಟೆ ತಂದೆ. ಸುತ್ತ ಎರಡು ಬೆರಳು ಜಾಗ ಉಳಿಯುತ್ತದೆ. ಗಿಡ್ಡ ಜಾಲರಿ, 150 ಡಿಗ್ರಿ, ಖಾಲಿ ತಟ್ಟೆ ಐದು ನಿಮಿಷ ಕಾಯಿಸಿದೆ. ಮೊದಲ ಸರದಿ ಮೈದಾ: 17 ನಿಮಿಷಕ್ಕೆ ಹೊಂಬಣ್ಣ, ತಳವೂ ಗರಿ. ಎರಡನೇ ಸರದಿ ರಾಗಿ: ರಾಗಿಯಲ್ಲಿ ಬಣ್ಣ ನೋಡಿ ತಿಳಿಯುವುದು ಕಷ್ಟವಾದ್ದರಿಂದ ಹತ್ತು ನಿಮಿಷಕ್ಕೆ ಹಾಳೆ ಮುಚ್ಚಿ, ಇನ್ನೂ ಎಂಟು ನಿಮಿಷ ಬಿಟ್ಟೆ. ಅಂಚಿನವು ಚೆನ್ನಾಗಿ ಬಂದವು. ನಡುವಿನ ಮೂರು ಸ್ವಲ್ಪ ಮೆತ್ತಗಿದ್ದವು, ಅವನ್ನು ಬೋರಲು ಹಾಕಿ ಮೂರು ನಿಮಿಷ ಇಟ್ಟಾಗ ಸರಿಯಾದವು.

ಅತ್ತೆಗೆ ಕಿರಣದ ಮಾತು ಹೇಳಿದೆ, ಪೂರ್ತಿ ಒಪ್ಪಲಿಲ್ಲ. ಆಗ ಹುಬ್ಬಳ್ಳಿ ಅಕ್ಕ ಬರೆದದ್ದನ್ನು ಓದಿ ಹೇಳಿದೆ, ಕೆಂಡದ ಎದುರು ನಿಲ್ಲಿಸಿದ ರೊಟ್ಟಿಯ ಕಥೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದರಲ್ಲಿ ಹಪ್ಪಳ ಸುಡಬಹುದೇ?" ಎಂದು ಕೇಳಿದರು. ಲೀಡ್ಸ್‌ನ ಅಣ್ಣ ಹೇಳಿದಂತೆ ಮೇಲೆ ಜಾಲರಿ ಬೋರಲು ಹಾಕಿ ಇಟ್ಟೆವು. ಅವರೇ ಗಾಜಿನ ಮುಂದೆ ಕುಳಿತು ನೋಡುತ್ತಿದ್ದರು. ನಿಮಿಷವೂ ಆಗಿರಲಿಲ್ಲ, ಗುಳ್ಳೆಗಳು ಎದ್ದವು, ಕೆಂಡದ ಮೇಲೆ ಏಳುವ ಹಾಗೆಯೇ.

ಹುಬ್ಬಳ್ಳಿ ಅಕ್ಕ · 6:22

ಓದಿ ಕಣ್ಣು ತುಂಬಿತು. ಯಾವ ಹಪ್ಪಳ?

ತುಂಗಾತೀರ · 6:25

ಹಲಸಿನದು ಅಕ್ಕಾ. ಬೇಸಿಗೆಯಲ್ಲಿ ಅತ್ತೆಯೇ ಮಾಡಿ ಒಣಗಿಸಿಟ್ಟದ್ದು. ಈಗ ಡಬ್ಬಿಯೇ ಖಾಲಿಯಾಗುವಂತಿದೆ.

ಭಟ್ಟಿಮನೆ · 6:50

ತಾಯಿ, ಮುಂದಿನ ವಾರ ರಸ್ಕು ಮಾಡಿ. 120 ಡಿಗ್ರಿ, ಎರಡೂ ಮಗ್ಗುಲು. ಬ್ರೆಡ್ಡು ಹಿಂದಿನ ದಿನದ್ದಾಗಿರಲಿ.